ಕಾಲ್ಬೆರಳಲ್ಲಿ ಹಿಡಿದ ಬಟ್ಟೆ

ರಮಜಾನ್ ತಿಂಗಳು ಶುರುವಾಗಿ ಇನ್ನೂ ವಾರ ತುಂಬಿರಲಿಲ್ಲ. ಒಳ್ಳೆಯ ನಿದ್ದೆಯಲ್ಲಿದ್ದೆ. ಬಲಗಾಲಿನ ಮೀನಖಂಡವನ್ನು ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡಿದರು. ಕಣ್ಣು ಬಿಡುವ ಮೊದಲೇ ಎಡಕ್ಕೆ ಕೈ ಚಾಚಿದೆ. ಚಾಪೆಯ ಆ ಭಾಗ ತಣ್ಣಗಿತ್ತು. ಹೆಂಡತಿ ತೀರಿಕೊಂಡ ಮೇಲೆ ಇದು ಎರಡನೇ ರಮಜಾನ್ ಅನ್ನುವುದು ಆಮೇಲೆ ನೆನಪಾಯಿತು.

ಆಕೆ ಇದ್ದಾಗಲೂ ಅಪರೂಪಕ್ಕೆ ನನ್ನ ಕಾಲು ಹೀಗೆ ಹಿಡಿಯುತ್ತಿತ್ತು. ನಾನು ನರಳುವಷ್ಟರಲ್ಲಿ ಎದ್ದು ಕೂತು, ಅರೆನಿದ್ದೆಯಲ್ಲೇ ನನ್ನ ಪಾದದ ಮುಂಭಾಗವನ್ನು ಮೊಣಕಾಲಿನ ಕಡೆಗೆ ಒತ್ತಿ ಹಿಡಿಯುತ್ತಿದ್ದಳು. ಗಂಟು ಸಡಿಲಾಗುವವರೆಗೆ ಬಿಡುತ್ತಿರಲಿಲ್ಲ. ಸಡಿಲಾದ ಮೇಲೆ "ಆತು, ಮಕ್ಕೋರಿ" ಎಂದು ನನ್ನನ್ನು ಮಲಗಿಸಿ ಆ ಕಡೆ ಹೊರಳುತ್ತಿದ್ದಳು. ಬೆಳಿಗ್ಗೆ ಕೇಳಿದರೆ ಅವಳಿಗೆ ಏನೂ ನೆನಪಿರುತ್ತಿರಲಿಲ್ಲ, ನನಗೇ ಕನಸು ಬಿದ್ದಿರಬೇಕು ಎಂದು ನಗುತ್ತಿದ್ದಳು. ಈಗ ನಾನೊಬ್ಬನೇ ಬಗ್ಗಿ ಪಾದ ಹಿಡಿಯಲು ಹೋದೆ, ಕೈ ಮುಟ್ಟಲಿಲ್ಲ. ಗೋಡೆ ಹಿಡಿದು ಎದ್ದು, ಒಂಟಿಗಾಲಿನಲ್ಲಿ ಕುಪ್ಪಳಿಸಿ, ನೀರಿನ ಕೊಡಕ್ಕೆ ಡಿಕ್ಕಿ ಹೊಡೆದು ಕೂತುಬಿಟ್ಟೆ. ನೋವು ಇಳಿದ ಮೇಲೂ ನಿದ್ದೆ ಬರಲಿಲ್ಲ. ಸಹರಿಗೆ, ಅಂದರೆ ಉಪವಾಸ ಹಿಡಿಯುವ ಮೊದಲಿನ ಊಟಕ್ಕೆ, ಮಸೀದಿಯಿಂದ ಕೂಗುವವರೆಗೆ ಹಾಗೇ ಕೂತಿದ್ದೆ. ಆಮೇಲೆ ನಿನ್ನೆಯ ಭಕ್ಕರಿಗೆ ಮೊಸರು ಕಲಸಿ ತಿಂದೆ.

ನಾನು ಗಡಿಯಾಚೆ, ಮಹಾರಾಷ್ಟ್ರದ ಉಮದಿಯಲ್ಲಿ ಟೇಲರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಈದಿನ ಮುಂಚಿನ ತಿಂಗಳಲ್ಲಿ ನಮ್ಮಂಥವರಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಗಂಡಸರ ಪಠಾಣಿ, ಮಕ್ಕಳ ಕುರ್ತಾ, ಹೆಣ್ಣುಮಕ್ಕಳ ಸಲವಾರು, ಎಲ್ಲವೂ ಒಂದೇ ಬೆಳಿಗ್ಗೆಗೆ ಬೇಕು. ಈದ್ ಮುಂದಕ್ಕೆ ಹೋಗುವುದಿಲ್ಲ, ಟೇಲರನ ಕಾಲಿಗಾಗಿ ಚಂದ್ರನೂ ಕಾಯುವುದಿಲ್ಲ.

ಒಂದು ರಾತ್ರಿ ಹಿಡಿದದ್ದು ಮರುರಾತ್ರಿಯೂ ಹಿಡಿಯಿತು. ಆಮೇಲೆ ಒಂದು ರಾತ್ರಿ ಬಿಟ್ಟು, ಮತ್ತೆ ಎರಡೂ ಕಾಲು. ನಿದ್ದೆಗೆಟ್ಟ ಕಣ್ಣಲ್ಲಿ ಕತ್ತರಿ ಹಿಡಿದು, ಸಾಲಿ ಮಾಸ್ತರರೊಬ್ಬರ ಪಠಾಣಿಗೆ ಎರಡೂ ತೋಳುಗಳನ್ನು ಬಲಗೈಗೇ ಕತ್ತರಿಸಿ ಇಟ್ಟೆ. ಕೆಲಸ ಕಲಿಯುವ ಹುಡುಗರು ಮಾಡುವ ತಪ್ಪು ಇದು. ಅದೇ ಬಣ್ಣದ ಬಟ್ಟೆ ಹುಡುಕಲು ಬಜಾರಿನಲ್ಲಿ ಕುಂಟುತ್ತಾ ಅಲೆಯುವಾಗ ವಿಜಯಪುರದಿಂದ ತಂಗಿಯ ಫೋನು ಬಂತು. ನನ್ನ ದನಿ ಕೇಳಿಯೇ ಅವಳಿಗೆ ಗೊತ್ತಾಯಿತು.

"ಎಷ್ಟ್ ಸಲ ಹೇಳಬೇಕು ಭಾಯಿ ನಿನಗ? ಒಬ್ಬಾಂವ ಅಲ್ಲಿ ಕುಂತು ಏನ್ ಮಾಡ್ತಿ? ನಮ್ಮ ಮನ್ಯಾಗ ಒಂದು ಖೋಲಿ ಖಾಲಿನ ಐತಿ."

"ಈದಿನ ಅರಬಿ ಯಾರು ಹೊಲೀಬೇಕು?"

"ಈದ್ ಮುಗಿಸು. ಮುಗದ ಮ್ಯಾಲೆ ಮಷೀನ್ ಮಾರು, ಬಾ. ಕಾಲು ಹೋದ ಮ್ಯಾಲೆ ಬರ್ತಿಯೇನು?"

ಕೋಪಕ್ಕೆ ಒಂದು ಮಾತು ಆಡಿಬಿಟ್ಟೆ. ಈ ಈದಿನ ಬಟ್ಟೆಯನ್ನೆಲ್ಲ ನಾನೊಬ್ಬನೇ ಮುಗಿಸಿ, ಹಬ್ಬದ ದಿನ ಕುಂಟದೆ ಈದ್‌ಗಾಕ್ಕೆ ನಡೆದು ಹೋದರೆ ಇಲ್ಲೇ ಇರುತ್ತೇನೆ, ಇಲ್ಲದಿದ್ದರೆ ನೀನು ಹೇಳಿದಂತೆ ಮಷೀನು ಮಾರಿ ಬರುತ್ತೇನೆ ಅಂದೆ. ಅವಳು "ಹ್ಞೂಂ, ನೋಡೂಣು" ಅಂದಳು. ತಂಗಿ ಕೆಟ್ಟವಳಲ್ಲ, ಅವಳ ಮನೆಯಲ್ಲಿ ನನಗೆ ಅನ್ನಕ್ಕೆ ಕೊರತೆ ಆಗುತ್ತಿರಲಿಲ್ಲ. ಆದರೆ ಮಷೀನಿಲ್ಲದೆ ನಾನು ಒಂದು ಖೋಲಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಏನು ಮಾಡಲಿ ಎಂದು ಯೋಚಿಸಿದರೆ ಕಾಲಿಗಿಂತ ಎದೆಯೇ ಹೆಚ್ಚು ಹಿಡಿದುಕೊಳ್ಳುತ್ತಿತ್ತು.

ಊರಲ್ಲಿ ವೈದ್ಯರಿಗೆ ಬರವಿಲ್ಲ. ಮಸೀದಿಯ ಹಿರಿಯರು ಕಾಲಿಗೆ ಕರಿದಾರ ಕಟ್ಟಿದರು. ಮಟನ್ ಅಂಗಡಿಯವನು ದಿಂಬಿನ ಕೆಳಗೆ ಕಬ್ಬಿಣದ ಕೀಲಿ ಇಡಲು ಹೇಳಿದ. ಹಣ್ಣಿನ ಗಾಡಿಯವನು ಬಾಳೆಹಣ್ಣು ತಿನ್ನಿ ಎಂದ, ಅವನು ಬೇರೇನು ಹೇಳಿಯಾನು. ನಾನು ಯಾರ ಮಾತನ್ನೂ ತೆಗೆದುಹಾಕಲಿಲ್ಲ. ಕಾಲಿಗೆ ದಾರ, ತಲೆಯ ಕೆಳಗೆ ಕೀಲಿ, ಹೊಟ್ಟೆಯಲ್ಲಿ ಬಾಳೆಹಣ್ಣು. ಅಷ್ಟು ಸಿಂಗಾರ ಮಾಡಿಕೊಂಡು ಮಲಗಿದವನನ್ನು ಕಾಲು ಅವತ್ತು ಎರಡು ಸಲ ಎಬ್ಬಿಸಿತು.

ಕೊನೆಗೆ ಸರಕಾರಿ ದವಾಖಾನೆಗೆ ಹೋದೆ. ಅಲ್ಲಿಯ ಡಾಕ್ಟರು ಕೊಂಕಣದ ಕಡೆಯ ಹುಡುಗಿ, ಮಾತೆಲ್ಲ ಮರಾಠಿ. "ಗೋಳಾ ಯೇತೋ ಕಾ ಪಾಯಾತ್?" ಕಾಲು ಗಂಟು ಹಿಡಿಯುತ್ತದೆಯೇ ಎಂದು ಕೇಳಿ, ನನ್ನನ್ನು ಬೆಂಚಿನ ಮೇಲೆ ಮಲಗಿಸಿದರು. ನಡೆಯುವಾಗ ನೋವು ಬಂದು ನಿಲ್ಲಬೇಕಾಗುತ್ತದೆಯೇ, ಒಂದೇ ಕಾಲು ಊದಿ ಬಿಸಿಯಾಗಿದೆಯೇ, ಪಾದ ಜೋಮು ಹಿಡಿಯುತ್ತದೆಯೇ ಎಂದು ಕೇಳಿದರು. ಎಲ್ಲಕ್ಕೂ ಇಲ್ಲ ಅಂದೆ. ಹಿಮ್ಮಡಿಯ ಹತ್ತಿರ, ಪಾದದ ಮೇಲೆ ಬೆರಳಿಟ್ಟು ನಾಡಿ ನೋಡಿದರು. ರಕ್ತ ತೆಗೆಸಿ ಸಕ್ಕರೆಗೆ, ಲವಣಗಳಿಗೆ ಕಳಿಸಿದರು. ಆಮೇಲೆ ಯಾವ ಯಾವ ಗುಳಿಗೆ ನುಂಗುತ್ತೀರಿ ಎಂದು ಕೇಳಿದರು. ನಾನು ಬಿ.ಪಿ. ಗುಳಿಗೆ ತೋರಿಸಿದೆ.

ಯಾವಾಗ ತೆಗೆದುಕೊಳ್ಳುತ್ತೀರಿ ಎಂದು ಮರಾಠಿಯಲ್ಲೇ ಕೇಳಿದರು.

ಮೊದಲು ಬೆಳಗಿನ ನಾಷ್ಟಾ ಆದ ಮೇಲೆ ತೆಗೆದುಕೊಳ್ಳುತ್ತಿದ್ದೆ. ರಮಜಾನಿನಲ್ಲಿ ಹಗಲು ಏನೂ ನುಂಗುವಂತಿಲ್ಲ. ಸಹರಿಯ ಹೊತ್ತಿಗೆ ತೆಗೆದುಕೊಂಡರೆ ಬೆಳಗೆಲ್ಲ ಮೂತ್ರಕ್ಕೆ ಹೋಗಬೇಕು, ಗಂಟಲು ಬೇಗ ಒಣಗುತ್ತದೆ. ಹಾಗಾಗಿ ರಾತ್ರಿ ತರಾವಿಹ್ ನಮಾಜ್ ಮುಗಿಸಿ, ಮಲಗುವ ಮುಂಚೆ ನುಂಗುತ್ತಿದ್ದೆ. ನಮ್ಮ ಸಾಲಿನಲ್ಲಿ ನಮಾಜಿಗೆ ನಿಲ್ಲುವ ಅರ್ಧ ಜನ ತಮ್ಮ ಗುಳಿಗೆಗಳನ್ನು ಹೀಗೇ ತಾವೇ ಸರಿಸಿಕೊಂಡಿರುತ್ತಾರೆ, ಡಾಕ್ಟರನ್ನು ಕೇಳುವ ವಿಷಯ ಇದೆಂದು ಯಾರಿಗೂ ಅನ್ನಿಸುವುದಿಲ್ಲ.

ಡಾಕ್ಟರು ಗುಳಿಗೆಯ ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಇದರಲ್ಲಿ ಮೈಯ ನೀರು ಇಳಿಸುವ ಮದ್ದೂ ಸೇರಿದೆ, ಹಗಲೆಲ್ಲ ನೀರಿಲ್ಲದ ಮೈಯಿಂದ ರಾತ್ರಿಯೂ ನೀರು ಹೋದರೆ ಕಾಲು ಸೆಳೆಯಬಹುದು ಎಂದರು. ಬಹುದು ಅನ್ನುವುದನ್ನು ಒತ್ತಿಯೇ ಹೇಳಿದರು. ಬಹಳ ಜನರಲ್ಲಿ ಕಾರಣ ಸಿಗುವುದೇ ಇಲ್ಲ ಎಂದೂ ಹೇಳಿದರು. ಆ ಮಾತು ನನಗೆ ಹಿಡಿಸಿತು. ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವ ಮನುಷ್ಯರು ಕಡಿಮೆ. ನೀರಿನ ಮದ್ದು ಇಲ್ಲದ ಬೇರೆ ಗುಳಿಗೆ ಬರೆದುಕೊಟ್ಟು, ಇಫ್ತಾರಿನಿಂದ ಮಲಗುವವರೆಗೆ ಒಮ್ಮೆಲೇ ಅಲ್ಲದೆ ಆಗಾಗ ನೀರು ಕುಡಿಯಲು ಹೇಳಿದರು. ಮೆಡಿಕಲ್ ಅಂಗಡಿಯವನು ಕಾಲಿಗೆಂದು ಮಲೇರಿಯಾದ ಹಳೆಯ ಕಹಿ ಗುಳಿಗೆ ಕೊಡುವೆನೆಂದಿದ್ದ. ಅದನ್ನು ಹೇಳಿದಾಗ ಮಾತ್ರ ಗದರಿದರು. ಅದು ಹೃದಯಕ್ಕೂ ರಕ್ತಕ್ಕೂ ಕೆಟ್ಟದ್ದು ಮಾಡೀತು, ಕಾಲು ಸೆಳೆತಕ್ಕೆ ಅದನ್ನು ಮುಟ್ಟಲೇಬೇಡಿ ಎಂದರು.

ಹೊರಗೆ ಬಂದಾಗ ಅಲ್ಲಿಯ ನರ್ಸ್‌ಬಾಯಿ ತಡೆದರು. ಅಸಂಗಿಯ ಕಡೆಯವರು, ಕನ್ನಡ ಮಾತಾಡುತ್ತಾರೆ, ಅವರ ಒಂದು ಕುರ್ತಾ ನನ್ನ ಹತ್ತಿರ ಹೊಲಿಯಲು ಬಿದ್ದಿತ್ತು.

"ಚಾಚಾ, ಹಿಂಗ ಬರ್ರಿ. ಈ ಗೋಡಿ ಮುಂದ ನಿಂದರ್ರಿ."

ಎರಡೂ ಅಂಗೈ ಗೋಡೆಗೆ ಊರಿಸಿದರು. ಬಲಗಾಲನ್ನು ಹಿಂದಕ್ಕೆ ಇಡಿಸಿ, ಹಿಮ್ಮಡಿ ನೆಲ ಬಿಡದಂತೆ, ಮೊಣಕಾಲು ಬಾಗದಂತೆ ಮೈಯನ್ನು ಗೋಡೆಯ ಕಡೆಗೆ ವಾಲಿಸಲು ಹೇಳಿದರು. ಮೀನಖಂಡ ಎಳೆದುಕೊಂಡಿತು. "ನೋವು ಆಗೂಮಟ ಬ್ಯಾಡ, ಜಗ್ಗಿದಂಗ ಆದ್ರ ಸಾಕು. ಸಾವಕಾಶ ಉಸರಾಡ್ರಿ" ಅಂದರು. ಮಲಗುವ ಮುಂಚೆ ಎರಡೂ ಕಾಲಿಗೆ ಇದನ್ನು ಮಾಡಬೇಕು. ಕಾಲು ಹಿಡಿದಾಗ ಕುಪ್ಪಳಿಸಬಾರದು. ಕೂತು, ಟವೆಲನ್ನು ಅಂಗಾಲಿನ ಮುಂಭಾಗಕ್ಕೆ ಸುತ್ತಿ ಎರಡೂ ತುದಿಗಳನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು. ಎದ್ದು ನಿಲ್ಲುವ ಹಾಗಿದ್ದರೆ ಹಿಮ್ಮಡಿಯ ಮೇಲೆ ಭಾರ ಹಾಕಬೇಕು. ನನ್ನ ಹೆಂಡತಿ ಕೈಯಲ್ಲಿ ಮಾಡುತ್ತಿದ್ದುದನ್ನೇ ಅವರು ಟವೆಲಿನಲ್ಲಿ ಮಾಡಿಸಿದರು. ಟವೆಲ್ ಒಳ್ಳೆಯದೇ, ಆದರೆ ಅದು ಮಕ್ಕೋರಿ ಅನ್ನುವುದಿಲ್ಲ.

ರಕ್ತದಲ್ಲಿ ಹೇಳಿಕೊಳ್ಳುವಂಥ ದೋಷವೇನೂ ಬರಲಿಲ್ಲ. ಗುಳಿಗೆ ಬದಲಾದ ಮೇಲೆ ಕಾಲು ಸ್ವಲ್ಪ ಸಮಾಧಾನವಾಯಿತು. ಎಡಗಾಲು ಬಿಟ್ಟೇಬಿಟ್ಟಿತು. ಬಲಗಾಲು ಮಾತ್ರ ಹಟ ಬಿಡಲಿಲ್ಲ. ಹಬ್ಬ ಹತ್ತಿರವಾದಂತೆ ಬಟ್ಟೆಯ ರಾಶಿ ಏರಿತು, ಬಲಗಾಲಿನ ಸೆಳೆತವೂ ಏರಿತು. ಒಂದು ಸಂಜೆ ಪೆಡಲ್ ತುಳಿಯುವಾಗಲೇ ಅಂಗಾಲು ಕೊಕ್ಕೆಯ ಹಾಗೆ ಮಡಚಿಕೊಂಡು, ಸೂಜಿ ಅಡ್ಡ ಓಡಿ, ಒಂದು ಮಗುವಿನ ಫ್ರಾಕಿನ ಮುಂಭಾಗ ಹಾಳಾಯಿತು. ಮಷೀನಿನ ಮೇಲೆ ತಲೆಯಿಟ್ಟು ಕೂತೆ. ತಂಗಿಯ ಖಾಲಿ ಖೋಲಿ ಕಣ್ಣೆದುರು ಬಂತು. ಅದರ ಕಿಟಕಿ ಯಾವ ಕಡೆಗಿದೆ ಎಂದು ನೆನಪಿಸಿಕೊಳ್ಳುತ್ತಿದ್ದೇನೆ ಅನ್ನುವುದು ತಿಳಿದು ಹೆದರಿಕೆಯಾಯಿತು.

ಮರುದಿನ ಇಳಿಹೊತ್ತಿಗೆ ನರ್ಸ್‌ಬಾಯಿ ಕುರ್ತಾ ಕೇಳಲು ಬಂದರು. ನಾನು ನೆಲದ ಮೇಲೆ ಕೂತು ಒಂದು ಪಠಾಣಿಯ ಅಂಚಿಗೆ ಕೈಹೊಲಿಗೆ ಹಾಕುತ್ತಿದ್ದೆ. ಅವರು ಬಾಗಿಲಲ್ಲೇ ನಿಂತು ನನ್ನ ಪಾದ ನೋಡುತ್ತಿದ್ದರು.

"ಚಾಚಾ, ಇದೇನ್ರಿ? ಕಾಲಬೆರಳಾಗ ಬಟ್ಟಿ ಹಿಡಕೊಂಡೀರಿ?"

"ಹಿಡೀಲಿಲ್ಲಂದ್ರ ಅಂಚು ಬಿಗಿ ಆಗಂಗಿಲ್ರಿ. ಸೊಟ್ಟ ಬೀಳ್ತೈತಿ. ನಮ್ಮಾಕಿನೂ ಹಿಂಗ ಹಿಡೀತಿದ್ಲು."

ನಮ್ಮಲ್ಲಿ ಕೈಹೊಲಿಗೆ ಮಾಡುವವರು ಬಹಳ ಜನ ಹೀಗೇ ಹಿಡಿಯುತ್ತಾರೆ. ಬಲಗಾಲು ಮುಂದೆ ಚಾಚಿ, ಬಟ್ಟೆಯ ತುದಿಯನ್ನು ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವೆ ಕಚ್ಚಿಸಿ, ಪಾದವನ್ನು ಮುಂದಕ್ಕೆ ತಳ್ಳಿದರೆ ಬಟ್ಟೆ ತಂತಿಯ ಹಾಗೆ ಬಿಗಿಯುತ್ತದೆ. ಮೂರನೆಯ ಕೈ ಇದ್ದ ಹಾಗೆ. ಮೊದಲು ನಾನು ಕತ್ತರಿ ಮತ್ತು ಮಷೀನು ನೋಡಿಕೊಳ್ಳುತ್ತಿದ್ದೆ, ಅಂಚು, ಕಾಜಾ, ಗುಂಡಿ ಎಲ್ಲ ಅವಳದು. ಅವಳು ಹೋದ ಮೇಲೆ ಅವಳ ಕೆಲಸವನ್ನು ಬೇರೆಯವರಿಗೆ ಕೊಡಲಿಲ್ಲ. ಅವಳ ಚಾಪೆಯ ಮೇಲೆ, ಅವಳ ಸೂಜಿಯಿಂದ, ಅವಳ ಹಾಗೇ ಕೂತು ನಾನೇ ಮಾಡುತ್ತಿದ್ದೆ. ಹಗಲು ಮಷೀನು, ನಡುವೆ ಒಂದಿಷ್ಟು ಕೈಹೊಲಿಗೆ, ತರಾವಿಹ್ ಮುಗಿದ ಮೇಲೆ ಮತ್ತೆ ಕೈಹೊಲಿಗೆ, ಅಲ್ಲಿಂದ ನೇರ ಹಾಸಿಗೆ.

"ಎಷ್ಟೊತ್ತಿನಿಂದ ಕುಂತೀರಿ?"

"ಮಧ್ಯಾಹ್ನ ಜೋಹರ್ ನಮಾಜ್ ಮುಗಿಸಿ ಬಂದು ಕುಂತಾಂವ ಇನ್ನೂ ಎದ್ದಿಲ್ರಿ."

ಅವರು ಬಗ್ಗಿ, ನನ್ನ ಕೈಯನ್ನೇ ನನ್ನ ಮೀನಖಂಡದ ಮೇಲೆ ಇಡಿಸಿದರು. ಕಟ್ಟಿಗೆಯ ಹಾಗಿತ್ತು. ಬಟ್ಟೆ ಬಿಡಿ ಅಂದರು. ಬಿಟ್ಟರೂ ಅದು ಸಡಿಲಾಗಲು ಹೊತ್ತು ಹಿಡಿಯಿತು. "ದಿನಾ ಹಿಂಗ ಬಿಗದ ಇಟ್ಟು, ಹಂಗ ಮಕ್ಕೊಂಡ್ರ ಅದು ರಾತ್ರಿ ಹೆಂಗ ಸುಮ್ಮನಿರ್ತೈತಿ? ಇದೊಂದ ಕಾರಣ ಅಂತ ಹೇಳಾಕ ಬರಂಗಿಲ್ರಿ. ಆದ್ರ ಇದನ್ನ ಬಿಟ್ಟು ನೋಡ್ರಿ" ಅಂದರು. ಹೊರಡುವಾಗ ತಿರುಗಿ ಕೇಳಿದರು. "ಚಾಚೀಗೆ ಹಿಡೀತಿದ್ದಿಲ್ಲೇನ್ರಿ ಹಂಗಾರ?"

"ಇಲ್ರಿ. ಆಕಿ ಒಂದ ಕಡೆ ಕುಂದ್ರತಿದ್ದಿಲ್ಲ."

ಹೇಳಿದ ಮೇಲೆ ನನಗೇ ಅದು ತಿಳಿದದ್ದು. ಅವಳು ನಾಲ್ಕು ಗುಂಡಿ ಹಚ್ಚುವುದರಲ್ಲಿ ನಾಲ್ಕು ಸಲ ಏಳುತ್ತಿದ್ದಳು. ಒಲೆಯ ಮೇಲೆ ಹಾಲು, ಅಂಗಳದಲ್ಲಿ ಕೋಳಿ, ಬಾಗಿಲಲ್ಲಿ ಯಾರೋ, ಇಲ್ಲವೇ ದಾರದ ಉಂಡೆ ಕೊಡು ಎಂದು ನಾನು ಕೂಗುವುದು. ನಡುನಡುವೆ ಅವಳು ನನ್ನನ್ನೂ ಏಳಿಸುತ್ತಿದ್ದಳು, ಅಂಗಡಿಗೆ ಹೋಗಿ ಬರ್ರಿ, ನೀರು ಸೇದಿ ಕೊಡ್ರಿ ಎಂದು. ಅವಳು ಬಟ್ಟೆ ಹಿಡಿಯುವ ರೀತಿಯನ್ನು ನಾನು ಕಲಿತುಕೊಂಡಿದ್ದೆ, ಬಿಡುವ ರೀತಿಯನ್ನಲ್ಲ. ಈಗ ನಮಾಜಿಗೆ ಏಳುತ್ತಿದ್ದೆ, ಅಷ್ಟೇ. ಉಪವಾಸದಲ್ಲಿ ಚಹಾ ಇಲ್ಲ, ಊಟ ಇಲ್ಲ. ಏಳು ಎಂದು ಹೇಳುವವರು ಮನೆಯಲ್ಲಿ ಯಾರೂ ಇಲ್ಲ.

ಕಾಲ್ಬೆರಳಿಗೆ ಬದಲು ಹುಡುಕುವುದು ಕಷ್ಟವಾಗಲಿಲ್ಲ. ಬಟ್ಟೆ ಒಣಹಾಕುವ ಚಿಮಟಿಗೆಯನ್ನು ಸಲವಾರಿನ ಗಟ್ಟಿ ಲಾಡಿಯಿಂದ ಮಷೀನಿನ ಕಬ್ಬಿಣದ ಕಾಲಿಗೆ ಕಟ್ಟಿದೆ. ತುದಿಯನ್ನು ಚಿಮಟಿಗೆಗೆ ಕಚ್ಚಿಸಿದರೆ ಅಂಚು ಬಿಗಿಯಾಗುತ್ತದೆ. ಮೊದಲ ದಿನ ಬಟ್ಟೆ ಜಾರಿತು, ಚಿಮಟಿಗೆಯ ಬಾಯಿಗೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿದ ಮೇಲೆ ನಿಂತಿತು. ಆದರೆ ರಾಶಿ ಹಾಗೇ ಇತ್ತು. ಇಬ್ಬರ ಕೆಲಸವನ್ನು ಒಬ್ಬ ಮಾಡುವವರೆಗೆ ಕಾಲಿಗೆ ಪುರುಸೊತ್ತಿಲ್ಲ ಅನ್ನುವುದು ನನಗೂ ಗೊತ್ತಿತ್ತು. ತಂಗಿಗೆ ಹೇಳಿದ "ನಾನೊಬ್ಬನೇ" ಅನ್ನುವ ಮಾತು ಅಡ್ಡ ನಿಂತಿತ್ತು. ಅವಳು ಕೂರುತ್ತಿದ್ದ ಚಾಪೆಯ ಕಡೆ ನೋಡಿದರೆ ಇನ್ನೂ ಕಷ್ಟ.

ಹಿಂದಿನ ಓಣಿಯಲ್ಲಿ ಒಬ್ಬ ಅಕ್ಕ ಇದ್ದಾರೆ. ಲಿಂಗಾಯತರ ಮನೆಯವರು, ನನಗಿಂತ ಹಿರಿಯರು. ಕೌದಿ ಹೊಲಿಯುವುದರಲ್ಲಿ ಅವರ ಕೈ ಬಹಳ ಚಲೋ. ಹಿಂದೊಮ್ಮೆ ಕೆಲಸ ಇದ್ದರೆ ಕೊಡಿ ಎಂದು ಕೇಳಿದ್ದಾಗ ಒಲ್ಲೆ ಅಂದಿದ್ದೆ. ಮರುದಿನ ಬೆಳಿಗ್ಗೆ ಅವರ ಕಟ್ಟೆಯ ಮುಂದೆ ಹೋಗಿ ನಿಂತೆ.

"ಅಕ್ಕಾರ, ಈದಿನ ತನಕ ಕಾಜಾ, ಗುಂಡಿ ಮಾಡಿಕೊಡ್ತೀರೇನ್ರಿ?"

"ಅವತ್ತ ಒಲ್ಲೆ ಅಂದಿದ್ರಿ?"

"ಇವತ್ತ ನಾನ ಕೇಳಾಕ ಬಂದೀನ್ರಿ."

ಅವರು ಮತ್ತೇನೂ ಕೇಳದೆ ಚಾಳೀಸು ಸೆರಗಿನಲ್ಲಿ ಒರೆಸಿ ಕಣ್ಣಿಗೇರಿಸಿಕೊಂಡು ಬಂದರು. ಅಂಗಡಿಯ ಒಳಗೆ ಬಂದು ನಿಂತು, "ಎಲ್ಲಿ ಕುಂದ್ರಲಿ ಮಾಸ್ತರ್ರ?" ಅಂದರು. ಬೇರೆ ಚಾಪೆ ಹಾಸಬಹುದಿತ್ತು, ಒಳಗೆ ಒಂದಿತ್ತು. ಆದರೆ ಬೆಳಕು ಬೀಳುವುದು ಆ ಜಾಗದಲ್ಲೇ. ಅಲ್ಲೇ ಕುಂದ್ರಿ ಎಂದು ತೋರಿಸಿ, ಸೂಜಿಯ ಡಬ್ಬಿ ಅವರ ಮುಂದೆ ಇಟ್ಟೆ. ಅವರು ಕೂತು ಸೂಜಿಗೆ ದಾರ ಪೋಣಿಸಿದರು. ನಾನು ಹಿತ್ತಲಿಗೆ ಹೋದೆ. ಹೆಂಡತಿ ಸತ್ತ ದಿನ ಜನರ ನಡುವೆ ಅಳಲು ಆಗಿರಲಿಲ್ಲ. ಈಗ ಹಿತ್ತಲಿನ ಗೋಡೆಗೆ ಎರಡೂ ಅಂಗೈ ಊರಿ ಅತ್ತುಬಿಟ್ಟೆ.

ಅಕ್ಕ ಬಾಯಿ ಸುಮ್ಮನಿರುವವರಲ್ಲ. ಕುರ್ತಾ ಒಯ್ಯಲು ಬಂದ ನರ್ಸ್‌ಬಾಯಿ ಅವರಿಗೂ ನನ್ನ ಕಾಲಿನ ಕಥೆ ಹೇಳಿ ಹೋಗಿದ್ದರು. ನಾನು ಮಷೀನಿನ ಮುಂದೆ ಹೆಚ್ಚು ಹೊತ್ತು ಕೂತರೆ ಸಾಕು, "ಏಳ್ರಿ ಮಾಸ್ತರ್ರ, ಗೋಡಿ ಕಾಯಾಕತ್ತೈತಿ" ಅನ್ನುತ್ತಿದ್ದರು. ಎದ್ದು ಗೋಡೆ ತಳ್ಳಿ ಬಂದು ಕೂರುತ್ತಿದ್ದೆ. ಬಟ್ಟೆ ಕೇಳಲು ಬಂದವರು ಇದನ್ನು ನೋಡಿ, ಮಾಸ್ತರರು ಗೋಡೆ ಹಿಂದಕ್ಕೆ ಸರಿಸಿ ಅಂಗಡಿ ದೊಡ್ಡದು ಮಾಡಾಕತ್ತಾರ ಎಂದು ನಗಾಡಿದರು. ನಾನು ಹಗಲು ನೀರು ಕುಡಿಯದಿರುವುದನ್ನು ನೋಡಿ ಅಕ್ಕ ಕೂಡ ನನ್ನೆದುರು ಚಹಾ ಕುಡಿಯುತ್ತಿರಲಿಲ್ಲ, ಮನೆಗೆ ಹೋಗಿ ಕುಡಿದು ಬರುತ್ತಿದ್ದರು. ಸಂಜೆ ಅವರು ಹೋದ ಮೇಲೆ ಅಂಗಡಿ ಮೊದಲಿಗಿಂತ ಹೆಚ್ಚು ಖಾಲಿ ಅನ್ನಿಸುತ್ತಿತ್ತು.

ರಾತ್ರಿ ಕೈಹೊಲಿಗೆ ನಿಂತಿತು. ಮಲಗುವ ಮುಂಚೆ ಗೋಡೆ, ಆಮೇಲೆ ಹೊದಿಕೆಯನ್ನು ಪಾದಕ್ಕೆ ಬಿಗಿಯದೆ ಸಡಿಲಾಗಿ ಹೊದೆಯುವುದು. ಕಾಲು ಹಿಡಿಯುವುದು ಕಡಿಮೆಯಾಯಿತು. ಪೂರ್ತಿ ನಿಂತಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಚಂದ್ರ ಕಂಡ ಸಂಜೆ ಕೊನೆಯ ಕುರ್ತಾಕ್ಕೆ ಇಸ್ತ್ರಿ ಹಾಕಿ ಕೊಟ್ಟೆ. ಬೆಳಿಗ್ಗೆ ಈದ್‌ಗಾಕ್ಕೆ ಕುಂಟದೆ ನಡೆದೆ. ದಾರಿಯುದ್ದಕ್ಕೂ ನನ್ನ ಮುಂದೆ ನಾನು ಹೊಲಿದ ಬೆನ್ನುಗಳೇ ಹೋಗುತ್ತಿದ್ದವು. ಅಷ್ಟು ಜನರನ್ನು ಅಪ್ಪಿಕೊಂಡು ಮುಬಾರಕ್ ಹೇಳಿ ಮನೆಗೆ ಬಂದು ಕೀಲಿ ತೆಗೆದಾಗ, ಒಳಗಿನಿಂದ ಯಾವ ಸದ್ದೂ ಬರಲಿಲ್ಲ.

ಮರುದಿನ ತಂಗಿ ಬಂದಳು. ಶೀರಖುರ್ಮಾದ ಡಬ್ಬಿ ಇಳಿಸುವ ಮೊದಲೇ ನನ್ನ ನಡಿಗೆ ನೋಡಿದಳು. ಆಮೇಲೆ ಅವಳ ಕಣ್ಣು ಚಾಪೆಯ ಮೇಲೆ ಅಕ್ಕ ಮರೆತುಹೋಗಿದ್ದ ಚಾಳೀಸಿಗೆ ಬಿತ್ತು.

"ಭಾಬಿ ಜಾಗದಾಗ ಯಾರನ್ನ ಕುಂದ್ರಿಸಿದಿ?"

ಹೇಳಿದೆ. ಗುಳಿಗೆಯಿಂದ ಹಿಡಿದು ಚಿಮಟಿಗೆಯವರೆಗೆ ಎಲ್ಲ ಹೇಳಿದೆ. ನಾನೊಬ್ಬನೇ ಮುಗಿಸುತ್ತೇನೆ ಎಂದಿದ್ದ ಮಾತು ನಡೆಯಲಿಲ್ಲ ಎಂದೂ ಹೇಳಿದೆ. ಅವಳು ಚಾಪೆಯ ಅಂಚನ್ನು ಕೈಯಿಂದ ಸವರುತ್ತಾ ಕೂತಿದ್ದಳು.

"ಮಾತಿನ ಪ್ರಕಾರ ನಾ ಸೋತೀನಿ" ಅಂದೆ. "ಆದ್ರೂ ಬರಂಗಿಲ್ಲ. ಮಷೀನ್ ಮಾರಂಗಿಲ್ಲ."

"ಬ್ಯಾಡ ಬಿಡು" ಅಂದಳು ತಂಗಿ. ಅಳುತ್ತಿದ್ದಳು. "ಖೋಲಿ ಖಾಲಿನ ಇರ್ಲಿ."

ಸಂಜೆ ಅವಳನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ವಿಜಯಪುರದ ಬಸ್ಸು ಹೊರಡುವಾಗ ಕಿಟಕಿಯಿಂದ ತಲೆ ಹಾಕಿ, "ರಾತ್ರಿ ಕಾಲು ಹಿಡಿದ್ರ ಫೋನ್ ಹಚ್ಚು. ಎಷ್ಟೊತ್ತ ಆಗಿರ್ಲಿ, ಹಚ್ಚು" ಅಂದಳು. ಅಲ್ಲಿಂದ ಅವಳು ಫೋನಿನಲ್ಲಿ ನನ್ನ ಕಾಲು ಹೇಗೆ ಹಿಡಿದಾಳು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ, ಹ್ಞೂಂ ಅಂದೆ.

ಅವತ್ತೇ ರಾತ್ರಿ ಕಾಲು ಹಿಡಿಯಿತು. ಹಬ್ಬದ ಓಡಾಟವೋ ಏನೋ. ಈ ಸಲ ಪಕ್ಕಕ್ಕೆ ಕೈ ಹೋಗಲಿಲ್ಲ, ನೇರ ಟವೆಲಿಗೆ ಹೋಯಿತು. ಅಂಗಾಲಿಗೆ ಸುತ್ತಿ, ಎರಡೂ ತುದಿ ಹಿಡಿದು ಸಾವಕಾಶ ಎಳೆದೆ. ಗಂಟು ಮೊದಲು ಹಟ ಮಾಡಿತು, ಆಮೇಲೆ ಎಳೆ ಎಳೆಯಾಗಿ ಸಡಿಲಾಯಿತು. ಎದ್ದು ಹಿಮ್ಮಡಿ ಊರಿ ನಿಂತೆ. ನೋವು ಇರಲಿಲ್ಲ. ಯಾರ ಸಹಾಯವೂ ಬೇಕಾಗಿರಲಿಲ್ಲ. ಕತ್ತಲಲ್ಲಿ ಹಾಗೆ ನಿಂತಾಗ, ಇದನ್ನು ಯಾರಿಗಾದರೂ ಹೇಳದೆ ಇರಲು ಆಗುವುದಿಲ್ಲ ಅನ್ನಿಸಿತು. ಫೋನು ಹಚ್ಚಿದೆ. ಒಂದೇ ರಿಂಗಿಗೆ ಎತ್ತಿದಳು.

"ಹಿಡೀತೇನು ಭಾಯಿ?"

"ಹಿಡಿದಿತ್ತು. ಬಿಟ್ಟಿತು. ಬಿಟ್ಟಿತು ಅಂತ ಹೇಳಾಕ ಹಚ್ಚೀನಿ."

ಅವಳು ಮೂಗು ಏರಿಸಿಕೊಂಡದ್ದು ಕೇಳಿಸಿತು.

"ಚಲೋ ಆತು" ಅಂದಳು. "ಫೋನ್ ಇಡಬ್ಯಾಡ. ನಿದ್ದಿ ಬರೂತನಾ ಮಾತಾಡು."